ಟ್ಯಾಂಕಿನ ಬಾಯಿಗೆ ಅಡ್ಡ ಕೂತವರು

ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಚಿಕ್ಕವರಿದ್ದಾಗ ಬಾವಿಯ ರಾಟೆಗೆ ಸಿಕ್ಕಿ ಹಾಗಾದದ್ದಂತೆ. ಆಮೇಲೆ ಅದು ಕೂಡಲೇ ಇಲ್ಲ. ಎರಡು ಹೋಳೂ ಬೇರೆ ಬೇರೆಯಾಗಿಯೇ ಬೆಳೆದವು. ನಿಘಂಟಿನಲ್ಲಿ ಹುಡುಕಿದ ಪದ ಸಿಕ್ಕಿದರೆ ಅವರು ಅದರ ಕೆಳಗೆ ಪೆನ್ನಿನಿಂದ ಗೆರೆ ಎಳೆಯುತ್ತಿರಲಿಲ್ಲ. ಆ ಉಗುರನ್ನು ಕಾಗದಕ್ಕೆ ಒತ್ತಿ ಎಳೆಯುತ್ತಿದ್ದರು. ಗಾಡಿ ಹೋದ ಜಾಡಿನಂತೆ ಪದದ ಕೆಳಗೆ ಜೋಡಿ ಗೆರೆ ಬೀಳುತ್ತಿತ್ತು. ಅವರ ನಿಘಂಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಪುಟಪುಟದಲ್ಲೂ ಆ ಜಾಡು ಕಾಣುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಆ ಕೈ ನನ್ನ ಅಂಗಿಯ ಕಾಲರು ಹಿಡಿದು ಹಿಂದಕ್ಕೆ ಎಳೆಯಿತು. ಹಾಗೆ ಎಳೆಯದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಆದರೆ ಅದನ್ನು ಹೇಳುವ ಮೊದಲು ಅವರು ಎಂಥವರಾಗಿದ್ದರು ಎಂದು ಹೇಳಬೇಕು. ಇಲ್ಲದಿದ್ದರೆ ನಮ್ಮ ಊರಿನವರು ಹೇಳುವುದನ್ನೇ ನೀವೂ ನಂಬಿಬಿಡುತ್ತೀರಿ.

ಲಕ್ಕೂರು ಹೋಬಳಿಯ ನಮ್ಮ ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು, ಅಲ್ಲೇ ಮನೆ ಮಾಡಿಕೊಂಡು, ಅಲ್ಲೇ ನಿವೃತ್ತರಾದವರು ಅವರು. ಹುಟ್ಟಿದ್ದು ಮುಳಬಾಗಿಲಿನ ಕಡೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕರಿಹಲಗೆಯ ಮುಂದೆ ಇಂಗ್ಲಿಷ್. ನಿವೃತ್ತಿಯಾದ ಮೇಲೆ ಭಾನುವಾರ ಬೆಳಿಗ್ಗೆ ಅವರ ಮನೆಯ ಹಜಾರದಲ್ಲಿ ನಾವೊಂದು ಏಳೆಂಟು ಜನ ಸೇರುತ್ತಿದ್ದೆವು. ಮಾಲೂರಿನಿಂದ ರೈಲಿನಲ್ಲಿ ಬೆಂಗಳೂರಿಗೆ ಓಡಾಡುವವರು, ಪರೀಕ್ಷೆ ಕಟ್ಟಿದವರು, ಕೆಲಸ ಹುಡುಕುವವರು. ನಾನು ಕೋಲಾರದಲ್ಲಿ ಬಿಎಸ್ಸಿ ಮುಗಿಸಿ ವೇಮಗಲ್ ಕಡೆಯ ಒಂದು ಫ್ಯಾಕ್ಟರಿಯ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿದ್ದೆ. ಆದರೂ ಭಾನುವಾರ ತಪ್ಪಿಸುತ್ತಿರಲಿಲ್ಲ.

ಅಲ್ಲಿ ಪಾಠಪುಸ್ತಕ ಇರಲಿಲ್ಲ. ಆ ವಾರ ಕಣ್ಣಿಗೆ ಬಿದ್ದ ಒಂದು ಇಂಗ್ಲಿಷ್ ಪದವನ್ನು ಪ್ರತಿಯೊಬ್ಬರೂ ತರಬೇಕು; ಮಾತ್ರೆಯ ಹಾಳೆಯ ಮೇಲಿನದು, ಟೊಮೆಟೊ ಪೆಟ್ಟಿಗೆಯ ಮೇಲಿನದು, ರೈಲಿನ ಬಾಗಿಲ ಮೇಲಿನದು, ಯಾವುದಾದರೂ ಸರಿ. ಮೇಷ್ಟ್ರು ಮೂರೇ ಪ್ರಶ್ನೆ ಕೇಳುತ್ತಿದ್ದರು. ಏನೇನು ಅರ್ಥ? ಅದರಲ್ಲಿ ಮೊದಲು ಹುಟ್ಟಿದ್ದು ಯಾವುದು? ಪದದ ತವರು ಎಲ್ಲಿ? “ಅರ್ಥ ಗೊತ್ತು ಸಾರ್” ಎಂದು ಯಾರಾದರೂ ಕೈಯೆತ್ತಿದರೆ ಮುಗಿಯಿತು. “ಗೊತ್ತು ಅನ್ನಬೇಡ ಕಣೋ. ಎಷ್ಟು ಗೊತ್ತು, ಅದನ್ನ ಹೇಳು.”

ಅವರ ಬಾಯಿಂದ ಹೊಗಳಿಕೆ ಬಂದದ್ದನ್ನು ನಾನು ಕೇಳಿಲ್ಲ. ಸರಿಯಾದ ಉತ್ತರಕ್ಕೆ “ಹೂಂ, ಮುಂದೆ” ಅನ್ನುತ್ತಿದ್ದರು. ತಪ್ಪು ಉತ್ತರಕ್ಕೂ ಅಷ್ಟೆ, ಸ್ವರ ಮಾತ್ರ ಬೇರೆ.

ಒಂದು ಭಾನುವಾರ ರೈಲಿನಲ್ಲಿ ಓಡಾಡುವ ಹುಡುಗಿಯೊಬ್ಬಳು ಮುಖ ಸಣ್ಣದು ಮಾಡಿಕೊಂಡು ಬಂದಳು. “ಕೋಲಾರ ಜಿಲ್ಲೆಯ ಟ್ಯಾಂಕುಗಳ ಬಗ್ಗೆ ಬರೀರಿ ಅಂತ ಪರೀಕ್ಷೇಲಿ ಕೇಳಿದ್ರು ಸಾರ್. ನಾನು ಮನೆ ಮೇಲಿನ ನೀರಿನ ಟ್ಯಾಂಕು ಅನ್ಕೊಂಡು ಎರಡು ಪುಟ ಬರ್ದೆ.”

“ನೀನೇ ವಾಸಿ ಬಿಡಮ್ಮ,” ಎಂದ ನನ್ನ ಪಕ್ಕದವನು. “ನಾನಾಗಿದ್ರೆ ಮಿಲಿಟ್ರಿ ಟ್ಯಾಂಕು ಅನ್ಕೊಂಡು ಪಾಕಿಸ್ತಾನದವರೆಗೂ ಹೋಗ್ತಿದ್ದೆ.”

ಎಲ್ಲರೂ ನಕ್ಕೆವು. ಮೇಷ್ಟ್ರು ನಗಲಿಲ್ಲ. “ಸುಮ್ನಿರ್ರೋ. ಅವ್ರು ಕೇಳಿದ್ದು ಕೆರೆ. ಇವಳು ಬರ್ದಿದ್ದು ತೊಟ್ಟಿ. ನೀನು ಹೇಳಿದ್ದು ಯುದ್ಧದ ಗಾಡಿ. ಮೂರೂ ಒಂದೇ ಮನೇವು. ಯಾವ್ದು ತಾಯಿ, ಯಾವ್ದು ಮಗಳು ಅಂತ ನಿಮಗೆ ಗೊತ್ತಿಲ್ಲ, ಅಷ್ಟೇ.”

ಆ ಒಂದು ಪದಕ್ಕೆ ಮೂರು ಭಾನುವಾರ ಹಿಡಿಯಿತು. ಕೆರೆಗೆ ಟ್ಯಾಂಕ್ ಎನ್ನುವುದು ನಮ್ಮ ದೇಶದ ಇಂಗ್ಲಿಷಿನಲ್ಲಿ ಮಾತ್ರ. ಇಂಗ್ಲೆಂಡಿನ ಹಳ್ಳಿಯವನಿಗೆ ಹೇಳಿದರೆ ಅವನಿಗೆ ಕಬ್ಬಿಣದ ಪೆಟ್ಟಿಗೆಯೇ ಕಾಣುತ್ತದೆ ಎಂದರು. ಗುಜರಾತಿನ ಕಡೆ ನೆಲದೊಳಗೆ ಕಟ್ಟಿದ ನೀರಿನ ತೊಟ್ಟಿಗೆ ಟಾಂಕು ಅನ್ನುತ್ತಾರಂತೆ, ಮರಾಠಿಯಲ್ಲಿ ಟಾಕೆ. ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸರ ಮಾತಿನಲ್ಲೂ ಕೊಳಕ್ಕೆ ಅಂಥದೇ ಒಂದು ಹೆಸರಿತ್ತು. ಅದು ಹರಿಯುವುದನ್ನು ತಡೆದು ನಿಲ್ಲಿಸು ಎಂಬ ಅರ್ಥದಿಂದ ಬಂದದ್ದು ಅನ್ನುತ್ತಾರೆ. ಯಾರಿಂದ ಯಾರು ಕಲಿತರೋ, ಬಲ್ಲವರಲ್ಲೇ ಒಮ್ಮತ ಇಲ್ಲ. ಯುದ್ಧದ ಗಾಡಿಯ ಕಥೆ ಬಂದಾಗ ಮಾತ್ರ ಅವರ ಮುಖದಲ್ಲಿ ಸ್ವಲ್ಪ ಖುಷಿ ಕಂಡಿತು. “ಅದು ಸುಳ್ಳು ಹೇಳೋಕೆ ಇಟ್ಟ ಹೆಸರು ಕಣ್ರೋ.” ಮೊದಲ ಮಹಾಯುದ್ಧದಲ್ಲಿ ಆ ಗಾಡಿ ತಯಾರಾಗುತ್ತಿದ್ದದ್ದು ಗುಟ್ಟು. ಕೆಲಸದವರಿಗೆ ನೀರಿನ ತೊಟ್ಟಿ ಮಾಡುತ್ತಿದ್ದೇವೆ ಎಂದು ಹೇಳಿದ್ದರು. ಯುದ್ಧ ಮುಗಿಯಿತು, ಸುಳ್ಳು ಹೆಸರಾಗಿ ಉಳಿಯಿತು. ಈಗ ಷೇರು ಬಿದ್ದರೂ ಸಿನಿಮಾ ಬಿದ್ದರೂ ಟ್ಯಾಂಕ್ ಆಯಿತು ಅನ್ನುತ್ತಾರಲ್ಲ, ಅದಕ್ಕೂ ಒಂದು ದಾರಿ ಇತ್ತು: ಅಮೆರಿಕದಲ್ಲಿ ಈಜುಕೊಳಕ್ಕೂ ಆ ಹೆಸರಿತ್ತಂತೆ, ಬೇಕೆಂದೇ ಸೋತು ಬಿದ್ದ ಬಾಕ್ಸರನನ್ನು ಕೊಳಕ್ಕೆ ಹಾರಿದ ಅನ್ನುತ್ತಿದ್ದರಂತೆ.

ಅಷ್ಟರಲ್ಲಿ ಒಳಗಿನಿಂದ ಮೇಷ್ಟ್ರ ಹೆಂಡತಿಯ ಧ್ವನಿ ಬಂತು. “ಅಮೆರಿಕದ ಟ್ಯಾಂಕು ಹಂಗಿರ್ಲಿ. ನಮ್ಮ ಟ್ಯಾಂಕಲ್ಲಿ ನೀರಿಲ್ಲ, ಮೊದ್ಲು ಮೋಟರ್ ಹಾಕ್ರಿ.”

“ಇದೊಂದು ಅರ್ಥ ಬಿಟ್ಟು ಹೋಗಿತ್ತು ನೋಡಿ,” ಎಂದು ಎದ್ದು ಹೋದರು.

ತಾವೇ ತಪ್ಪು ಮಾಡಿದರೆ ಅವರು ಹೇಗಿರುತ್ತಿದ್ದರು ಎಂಬುದನ್ನೂ ಹೇಳಬೇಕು. ಶ್ರೀಮಂತರ ಬಡಾವಣೆಗೆ ಪಾಶ್ ಅನ್ನುತ್ತಾರಲ್ಲ, ಅದರ ಹುಟ್ಟಿನ ಬಗ್ಗೆ ಒಂದು ಹಡಗಿನ ಕಥೆಯಿದೆ. ಇಂಗ್ಲೆಂಡಿನಿಂದ ಇಂಡಿಯಾಕ್ಕೆ ಬರುವಾಗ ಎಡಗಡೆ, ಹೋಗುವಾಗ ಬಲಗಡೆ, ಹೀಗೆ ಬಿಸಿಲು ಬೀಳದ ಕೋಣೆ ಹಿಡಿಯುವ ದೊಡ್ಡ ಮನುಷ್ಯರ ಟಿಕೆಟ್ಟಿನ ಮೇಲೆ ನಾಲ್ಕು ಅಕ್ಷರ ಬರೆಯುತ್ತಿದ್ದರು, ಆ ಅಕ್ಷರಗಳೇ ಪದವಾದವು ಎಂದು. ಮೇಷ್ಟ್ರು ಅದನ್ನು ಭಾನುವಾರ ನಮಗೆ ಹೇಳಿದರು. ಮಂಗಳವಾರ ಸಂಜೆ ನಾನು ಕೆಲಸದಿಂದ ಬರುವಾಗ ನಮ್ಮ ಮನೆಯ ಮುಂದೆ ಅವರ ಟಿವಿಎಸ್ ನಿಂತಿತ್ತು. ಅಮ್ಮ ಕೊಟ್ಟ ಮಜ್ಜಿಗೆಯನ್ನು ಕೆಳಗಿಟ್ಟು ಎದ್ದು ನಿಂತರು. “ನಾನು ಭಾನುವಾರ ಹೇಳಿದ್ದು ತಪ್ಪು. ಆ ಕಥೆಗೆ ಆಧಾರ ಇಲ್ಲ. ಅಂಥ ಒಂದು ಟಿಕೆಟ್ಟೂ ಯಾರಿಗೂ ಸಿಕ್ಕಿಲ್ಲ. ತವರು ಗೊತ್ತಿಲ್ಲದ ಪದ ಅದು. ಹಂಗೇ ಬರ್ಕೋ.” ಅಂದು ಅವರು ಭಾನುವಾರ ಬಂದಿದ್ದ ಏಳೂ ಜನರ ಮನೆಗೆ ಹೋಗಿದ್ದರು. ಫೋನ್ ಮಾಡಬಹುದಿತ್ತಲ್ಲ ಸಾರ್ ಎಂದರೆ, “ಎದುರಿಗೆ ಕೂರಿಸ್ಕೊಂಡು ಹೇಳಿದ ತಪ್ಪನ್ನ ಎದುರಿಗೇ ವಾಪಸ್ ತಗೋಬೇಕು,” ಎಂದರು.

ಇಷ್ಟು ಅವರು. ಇನ್ನು ಆ ಭಾನುವಾರ.

ನಮ್ಮ ಕಡೆ ನಲ್ಲಿಯಲ್ಲಿ ನೀರು ಬರುವುದು ವಾರಕ್ಕೊಮ್ಮೆ. ಬಂದಾಗ ತುಂಬಿಸಿ ಇಟ್ಟುಕೊಳ್ಳಲು ಎಲ್ಲರೂ ಅಂಗಳದಲ್ಲಿ ಸಂಪು ತೋಡಿಸುತ್ತಾರೆ. ಮೇಷ್ಟ್ರೂ ತೋಡಿಸಿದರು. ಹತ್ತಡಿ ಆಳ, ಮೇಲೆ ಕಾಂಕ್ರೀಟಿನ ಮುಚ್ಚಿಗೆ, ಒಬ್ಬ ಮನುಷ್ಯ ಇಳಿಯುವಷ್ಟು ಒಂದೇ ಬಾಯಿ. ಶ್ರೀನಿವಾಸಪುರದ ಕಡೆಯ ಅಣ್ಣತಮ್ಮ ಇಬ್ಬರು ಕಟ್ಟಿದರು. ಅಣ್ಣ ರವಣ, ತಮ್ಮ ಚಲಪತಿ. (ಹೆಸರು ಬದಲಿಸಿದ್ದೇನೆ.) ಮುಚ್ಚಿಗೆ ಹಾಕಿ ಹದಿನೆಂಟು ದಿನವಾಗಿತ್ತು. ಅಷ್ಟೂ ದಿನ ಮುಚ್ಚಿಗೆಗೆ ಆಸರೆಯಾಗಿ ಕೊಟ್ಟ ಹಲಗೆ, ಗಳ ಎಲ್ಲ ಒಳಗೇ ಇದ್ದವು. ಮಕ್ಕಳು ಬಿದ್ದಾರೆಂದು ಬಾಯಿಗೆ ತಗಡು ಮುಚ್ಚಿ, ಗಾಳಿಗೆ ಹಾರದಂತೆ ಮೇಲೆ ಮರಳಿನ ಚೀಲ ಹೇರಿದ್ದರು. ಅಂದು ಅಣ್ಣತಮ್ಮ ಬಂದದ್ದು ಒಳಗಿನ ಹಲಗೆ ಬಿಚ್ಚಲು.

ನಾನು ಅಂದು ಬೇಗ ಬಂದಿದ್ದೆ. ಮೇಷ್ಟ್ರು ಹಜಾರದಲ್ಲಿ ಪೇಪರು ಓದುತ್ತಿದ್ದರು. ನಾನು ಅಂಗಳದಲ್ಲಿ ನಿಂತು ಅಣ್ಣತಮ್ಮಂದಿರ ಮಾತು ಕೇಳುತ್ತಿದ್ದೆ. ತಗಡು ಎತ್ತಿದ ಕೂಡಲೇ ರವಣ ಏಣಿ ಇಳಿಬಿಟ್ಟ.

“ಲೇ, ಟೀ ಬಂದ್ರೆ ನಂಗೂ ಇಡೋ, ಎಲ್ಲಾ ನೀನೇ ಕುಡೀಬೇಡ,” ಎಂದ ಇಳಿಯುತ್ತ.

“ಮೇಲೆ ಬಾ ನೋಡಾಣ,” ಎಂದ ಚಲಪತಿ.

ಅದೇ ಅಣ್ಣತಮ್ಮಂದಿರ ನಡುವಿನ ಕೊನೆಯ ಮಾತು. ಹಾರೆಯಿಂದ ಹಲಗೆಗೆ ಹೊಡೆದ ಸದ್ದು ಎರಡು ಸಲ ಕೇಳಿಸಿತು. ಮೂರನೆಯದು ಬರಲಿಲ್ಲ. ಚಲಪತಿ ಬಗ್ಗಿ, “ಅಣ್ಣಾ, ಏನಾಯ್ತೋ,” ಎಂದ. ನಾನೂ ಬಗ್ಗಿದೆ. ತೇವದ ಮರದ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಕೆಳಗೆ, ಏಣಿಯ ಬುಡದಲ್ಲಿ, ಕಾಂಕ್ರೀಟಿಗೆ ಹಾಯಿಸಿ ನಿಂತ ಗೇಣಾಳದ ನೀರಿನಲ್ಲಿ ರವಣ ಮಗ್ಗುಲಾಗಿ ಬಿದ್ದಿದ್ದ. ಜಾರಿ ಬಿದ್ದ ಎಂದುಕೊಂಡೆ. ಯಾರೇ ಆದರೂ ಹಾಗೇ ಅಂದುಕೊಳ್ಳುತ್ತಾರೆ. ಹೊಸ ಸಂಪು, ಒಳಗೆ ಏನನ್ನೂ ತುಂಬಿಲ್ಲ, ಕೊಳೆ ಇಲ್ಲ, ಕಸ ಇಲ್ಲ. ಗೋಡೆ ಇನ್ನೂ ಸಿಮೆಂಟಿನ ಬಣ್ಣ ಬಿಟ್ಟಿರಲಿಲ್ಲ.

ಚಲಪತಿ ಕೂಗಿದ ಸದ್ದಿಗೆ ಬೀದಿಯವರು ಬಂದರು. ಅವನು ಗಟ್ಟಿಮುಟ್ಟಾದ ಆಳು, ಆ ಕಿರಿದಾದ ಬಾಯಲ್ಲಿ ತೂರಿ ಇಳಿಯಲು ಹೊತ್ತಾಗುತ್ತಿತ್ತು. “ನೀನು ಸಣ್ಣಕಿದ್ದೀಯ, ನೀನಿಳಿಯೋ,” ಎಂದು ಯಾರೋ ನನಗೆ ಹೇಳಿದರು. ನಾನು ಚಪ್ಪಲಿ ಬಿಟ್ಟು ಏಣಿಯ ಮೇಲೆ ಕಾಲಿಟ್ಟೆ. ಎಡಗಾಲು ಎರಡನೆಯ ಮೆಟ್ಟಿಲ ಮೇಲಿತ್ತು. ಈಗಲೂ ಕಣ್ಣು ಮುಚ್ಚಿದರೆ ಆ ಮೆಟ್ಟಿಲಿನ ಒರಟು ಬಿದಿರು ಅಂಗಾಲಿಗೆ ತಾಗುತ್ತದೆ. ಸೊಂಟ ಬಾಯಿಯೊಳಗೆ ಹೋಗಿತ್ತು. ಆಗ ಮೇಷ್ಟ್ರು ಹಿಂದಿನಿಂದ ಕಾಲರು ಹಿಡಿದರು. ಕತ್ತು ಬಿಗಿಯಿತು. ಗುಂಡಿ ಕಿತ್ತು ಹೋಯಿತು. ನನ್ನನ್ನು ಎಳೆದು ಮರಳಿನ ಚೀಲದ ಮೇಲೆ ಕೆಡವಿದರು. ಅರವತ್ತು ದಾಟಿದ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ.

“ಯಾರೂ ಇಳೀಬೇಡಿ,” ಎಂದರು. ಹೆಂಡತಿಗೆ, “ದೇವರ ಮನೆ ದೀಪ ತಗೊಂಡ್ ಬಾ,” ಎಂದರು.

ಹೊತ್ತಿದ ದೀಪವನ್ನು ಬಕೆಟ್ಟಿನಲ್ಲಿಟ್ಟು ಹಗ್ಗದಿಂದ ಇಳಿಬಿಟ್ಟರು. ಅದು ನನ್ನೆತ್ತರದಷ್ಟು ಕೆಳಗೆ ಹೋಗಿ ಸಣ್ಣಗಾಗಿ ಆರಿತು. ಮೇಲೆಳೆದು ಮತ್ತೆ ಹಚ್ಚಿ ಬಿಟ್ಟರು. ಅದೇ ಜಾಗದಲ್ಲಿ ಮತ್ತೆ ಆರಿತು.

“ಹಗೇವು,” ಎಂದರು. ನಮಗಲ್ಲ, ತಮಗೇ. “ಹಗೇವು ಕಣೋ ಇದು.”

ಹಗೇವು ಎಂದರೆ ಹಿಂದಿನವರು ರಾಗಿ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಗುಂಡಿ. ಬಾಯಿ ಕಿರಿದು, ಒಳಗೆ ಅಗಲ. ವರ್ಷಗಟ್ಟಲೆ ಮುಚ್ಚಿದ್ದನ್ನು ತೆರೆದ ದಿನ ಯಾರೂ ಇಳಿಯುತ್ತಿರಲಿಲ್ಲ. ಗಾಳಿ ಆಡಲು ಒಂದು ದಿನ ಬಿಟ್ಟು, ದೀಪ ಇಳಿಸಿ ನೋಡಿ, ದೀಪ ಉರಿದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ನಮ್ಮ ಕಾಲಕ್ಕೆ ಹಗೇವುಗಳೆಲ್ಲ ಮುಚ್ಚಿ ಹೋಗಿದ್ದವು. ನಾನು ಆ ಪದವನ್ನು ಕೇಳಿದ್ದೆ, ಕಂಡಿರಲಿಲ್ಲ. ಮೇಷ್ಟ್ರು ಹುಟ್ಟಿದ ಮನೆಯ ಹಿತ್ತಿಲಲ್ಲಿ ಎರಡಿದ್ದವಂತೆ. ಹದಿನೆಂಟು ದಿನ ಮುಚ್ಚಿದ ಸಂಪಿನಲ್ಲಿ ನೆನೆದ ಹಲಗೆಗಳು ಕೊಳೆಯುತ್ತ ಒಳಗಿದ್ದ ಒಳ್ಳೆಯ ಗಾಳಿಯನ್ನೆಲ್ಲ ತಿಂದು ಹಾಕಿದ್ದವು ಎಂದು ಆಮೇಲೆ ಅಗ್ನಿಶಾಮಕ ದಳದವರು ನಮಗೆ ತಿಳಿಸಿ ಹೇಳಿದರು.

ಮೇಷ್ಟ್ರು ಆ ಬಾಯಿಗೆ ಅಡ್ಡ ಕಾಲು ಚಾಚಿ ಕೂತುಬಿಟ್ಟರು. ಕೂತಲ್ಲಿಂದಲೇ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹೇಳಿದರು. ಒಬ್ಬ ಅಗ್ನಿಶಾಮಕಕ್ಕೆ ಫೋನ್ ಮಾಡಲಿ. ಇಬ್ಬರು ಹಾರೆ, ಸುತ್ತಿಗೆ ತಂದು ಮುಚ್ಚಿಗೆಯ ಆ ಮೂಲೆ ಒಡೆಯಲಿ. ರಾಗಿ ತೂರುವ ಫ್ಯಾನು ಯಾರ ಮನೆಯಲ್ಲಿದೆ, ತಂದು ಬಾಯಿಗೆ ಹಿಡಿಯಲಿ. ಫ್ಯಾನು ಬಂತು, ವೈರು ಸಾಲಲಿಲ್ಲ, ಇನ್ನೊಂದು ವೈರು ಹುಡುಕಿದರು. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯನ್ನು ಮೇಷ್ಟ್ರೇ ಇಳಿಬಿಟ್ಟು, ಉಸಿರು ಹಿಡಿದು ಬಗ್ಗಿ, ರವಣನ ಅಂಗಿಗೆ ಕೊಕ್ಕೆ ಸಿಕ್ಕಿಸಿದರು. ನಾವು ಎಳೆದೆವು. ಅಂಗಿ ಹರಿದು ಬಂತು. ಮತ್ತೆ ಹಾಕಿದರು. ಮತ್ತೆ ಜಾರಿತು.

ಚಲಪತಿ ಅಷ್ಟು ಹೊತ್ತಿಗೆ ಮೇಷ್ಟ್ರ ಮೇಲೆ ಬಿದ್ದಿದ್ದ. “ವದಲಂಡಿ ಸಾರ್, ಮಾ ಅನ್ನ ಲೋಪಲ ಉನ್ನಾಡು.” ಬಿಡಿ ಸಾರ್, ನಮ್ಮಣ್ಣ ಒಳಗಿದ್ದಾನೆ ಎಂದು ಕೊಸರಾಡಿದ. ಮೇಷ್ಟ್ರು ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಅವನ ರಟ್ಟೆ ಹಿಡಿದು ತೆಲುಗಿನಲ್ಲೇ ಹೇಳಿದರು. “ಲೋಪಲ ಗಾಲಿ ಲೇದುರಾ.” ಒಳಗೆ ಗಾಳಿ ಇಲ್ಲ ಕಣೋ. ಅವನು ಅವರ ಮುಖಕ್ಕೆ ಗುದ್ದಿದ. ತುಟಿ ಒಡೆದು ರಕ್ತ ಬಂತು. ಅವರು ಕದಲಲಿಲ್ಲ.

“ಇಲ್ಲೇ ಸಾಯ್ತಾ ಇದ್ದಾನೆ, ಈ ಮನುಷ್ಯ ಬಾಯಿ ಮೇಲೆ ಕೂತವ್ನಲ್ಲ,” ಎಂದು ಒಬ್ಬರು.

“ಎತ್ತಿ ಆ ಕಡೆ ಹಾಕ್ರೋ ಮೇಷ್ಟ್ರನ್ನ,” ಎಂದು ಇನ್ನೊಬ್ಬರು.

ಎತ್ತಲು ಬಂದವರನ್ನು ಮೇಷ್ಟ್ರು ತಲೆಯೆತ್ತಿ ನೋಡಿದರು. “ಎತ್ತಿ. ಎತ್ತಿದ ಮೇಲೆ ಯಾರು ಇಳೀತೀರೋ ಅವ್ರ ಹೆಂಡ್ತಿ ಮಕ್ಕಳನ್ನ ಮೊದ್ಲು ಇಲ್ಲಿಗೆ ಕರ್ಸಿ.” ಯಾರೂ ಎತ್ತಲಿಲ್ಲ. ಯಾರೂ ಹೋಗಲೂ ಇಲ್ಲ. ಬೈಯುತ್ತ ನಿಂತರು.

ನಾನು ಮರಳಿನ ಚೀಲದ ಪಕ್ಕ ಕೂತಿದ್ದೆ. ಸಹಾಯ ಮಾಡಿದೆ ಎಂದು ಹೇಳಿಕೊಳ್ಳುವಂಥದೇನೂ ನಾನು ಮಾಡಲಿಲ್ಲ, ಹಗ್ಗ ಎಳೆದದ್ದು ಬಿಟ್ಟರೆ. ಅಗ್ನಿಶಾಮಕದವರು ಬರುವ ಹೊತ್ತಿಗೆ ಮುಚ್ಚಿಗೆಯಲ್ಲಿ ಅಂಗೈಯಗಲದ ತೂತು ಬಿದ್ದಿತ್ತು. ಮುಖಕ್ಕೆ ಮುಸುಕು, ಬೆನ್ನಿಗೆ ಸಿಲಿಂಡರು ಕಟ್ಟಿಕೊಂಡ ಒಬ್ಬರು ಇಳಿದು ರವಣನನ್ನು ಎತ್ತಿದರು. ಮಾಲೂರಿನ ಆಸ್ಪತ್ರೆಗೆ ಒಯ್ದರು. ಅವನು ಬಿದ್ದ ಕೆಲವೇ ನಿಮಿಷಗಳಲ್ಲಿ ಹೋಗಿದ್ದಾನೆ ಎಂದು ಅಲ್ಲಿ ಹೇಳಿದರು.

ಇಳಿದು ಬಂದ ಆ ಅಗ್ನಿಶಾಮಕದವರು ಮುಸುಕು ತೆಗೆದು, ಬೆವರೊರೆಸಿಕೊಂಡು ಕೇಳಿದರು. “ಉಳಿದೋರನ್ನ ತಡ್ದಿದ್ದು ಯಾರು?” ಯಾರೋ ಮೇಷ್ಟ್ರನ್ನು ತೋರಿಸಿದರು. “ಇಂಥಲ್ಲಿ ನಾವು ಯಾವತ್ತೂ ಒಂದೇ ಹೆಣ ಎತ್ತಿದ್ದಿಲ್ಲ ಸಾರ್. ಎರಡು, ಮೂರು. ಒಬ್ರನ್ನ ಎತ್ತೋಕೆ ಅಂತ ಇನ್ನೊಬ್ರು ಇಳ್ದಿರ್ತಾರೆ.” ಬೀದಿಯವರೆಲ್ಲ ಕೇಳಿಸಿಕೊಂಡರು. ಮೇಷ್ಟ್ರು ಹಗ್ಗ ಸುತ್ತಿ ಬದಿಗಿಟ್ಟರು.

ಆದರೆ ಊರಿನಲ್ಲಿ ಉಳಿದ ಮಾತು ಅದಲ್ಲ. ಮೇಷ್ಟ್ರು ಬಾಯಿಗೆ ಅಡ್ಡ ಕೂತು ಆಳನ್ನು ಸಾಯಿಸಿದರು ಎಂಬುದು ಉಳಿಯಿತು. ಆ ಮಾತನ್ನು ಆಡುವವರಲ್ಲಿ ಅಂದು ಅಲ್ಲಿ ನಿಂತು ಇಳಿಯದೇ ಇದ್ದವರೂ ಇದ್ದರು. ಮುಂದಿನ ಭಾನುವಾರ ಹಜಾರಕ್ಕೆ ಬಂದವನು ನಾನೊಬ್ಬನೇ. ಮೇಷ್ಟ್ರು ನನ್ನನ್ನು ನೋಡಿ, “ಪದ ತಂದಿದ್ದೀಯಾ?” ಎಂದರು. ಇಲ್ಲ ಎಂದೆ. “ಒಳ್ಳೇದು,” ಎಂದರು. ಆಮೇಲೆ ಆ ಮನೆಯಲ್ಲಿ ಪಾಠ ನಡೆಯಲಿಲ್ಲ.

ಪೊಲೀಸರು ಹೇಳಿಕೆ ಬರೆದುಕೊಳ್ಳುವಾಗ ನಾನು ಪಕ್ಕದಲ್ಲಿದ್ದೆ. ಮೇಷ್ಟ್ರು, “ಮುಚ್ಚಿದ ಗುಂಡೀಲಿ ಗಾಳಿ ಕೆಡುತ್ತೆ ಅಂತ ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಆಳು ಇಳಿಯೋ ಮುಂಚೆ ಹೇಳ್ಲಿಲ್ಲ. ಹಂಗಂತ ಬರೀರಿ,” ಎಂದರು. ಬರೆಯುತ್ತಿದ್ದವರು ಪೆನ್ನು ಎತ್ತಿದರು. “ಯಾಕ್ ಸಾರ್ ನಿಮಗೆ ನೀವೇ ತೊಂದ್ರೆ ತಂದ್ಕೊತೀರಿ? ಗೊತ್ತಿರ್ಲಿಲ್ಲ ಅನ್ನಿ, ಮುಗೀತು.” ಮೇಷ್ಟ್ರು, “ಗೊತ್ತಿತ್ತಲ್ಲ,” ಎಂದರು. ಅಷ್ಟೇ. ಅದನ್ನು ಬರೆಯುವವರೆಗೂ ಸಹಿ ಹಾಕಲಿಲ್ಲ.

ದಾರಿಯಲ್ಲಿ ನಾನು ತಡೆಯಲಾರದೆ ಹೇಳಿದೆ. “ನಿಮಗೆ ಆಗ ಹೊಳೆದಿರ್ಲಿಲ್ಲ ಸಾರ್. ಹೊಳೆದ ತಕ್ಷಣ ಓಡಿ ಬಂದ್ರಿ.”

“ಹೊಳೀಬೇಕಿತ್ತು ಕಣೋ. ಹಗೇವು ಅಂದ್ರೆ ರಾಗಿ ಹಾಕೋದು ಅಂತ ತಲೇಲಿ ಇಟ್ಕೊಂಡಿದ್ದೆ. ಅದರ ಕೆಳಗಿರೋ ವಿಷಯ ಏನು? ನೆಲದೊಳಗೆ ಗುಂಡಿ, ಮುಚ್ಚಿದ ಬಾಯಿ. ಒಂದು ಪದದ ಹಿಂದೆ ಸಮುದ್ರ ದಾಟಿ ಹೋದೋನು, ನಮ್ಮ ಹಿತ್ತಿಲಿಗೆ ಹೋಗ್ಲಿಲ್ಲ. ಅವನು ಏಣಿ ಇಳಿಸ್ತಿದ್ದಾಗ ನಾನು ಹಜಾರದಲ್ಲಿ ಪೇಪರ್ ಓದ್ತಾ ಇದ್ದೆ. ಹತ್ತು ಹೆಜ್ಜೆ.”

ಹದಿಮೂರನೆಯ ದಿನ ಕಳೆದ ಮೇಲೆ, “ಶ್ರೀನಿವಾಸಪುರಕ್ಕೆ ಹೋಗ್ಬೇಕು, ಬರ್ತೀಯಾ?” ಎಂದರು. ಎರಡು ಬಸ್ಸು ಬದಲಿಸಿ, ಮಾವಿನ ತೋಪುಗಳ ನಡುವಿನ ದಾರಿಯಲ್ಲಿ ನಡೆದು ರವಣನ ಊರು ಸೇರಿದೆವು. ಅವನ ತಾಯಿ ಬಾಗಿಲಲ್ಲಿ ಕೂತಿದ್ದರು. ಹೆಂಡತಿ ಹೊರಗೆ ಬರಲಿಲ್ಲ. ಚಲಪತಿ ಗೋಡೆಗೆ ಒರಗಿ ನಿಂತಿದ್ದ, ನಮ್ಮನ್ನು ನೋಡಿ ಮುಖ ತಿರುಗಿಸಿದ.

ಮೇಷ್ಟ್ರು ಕೂರಲಿಲ್ಲ. ಕೈ ಮುಗಿದು ನಿಂತೇ ಹೇಳಿದರು. “ನನಗೆ ಗೊತ್ತಿದ್ದ ವಿಷಯ ಅಮ್ಮ. ನಾನು ಮೊದ್ಲೇ ಹೇಳಿದ್ರೆ ನಿಮ್ಮ ಮಗ ಇರ್ತಿದ್ದ. ತಪ್ಪು ನಂದು. ಹೇಳೋಕೆ ಬಂದೆ.”

ಆ ತಾಯಿ, “ಕೂಗಿದ್ನಾ?” ಎಂದು ಕೇಳಿದರು.

“ಇಲ್ಲಮ್ಮ. ಕೂಗೋಷ್ಟು ಹೊತ್ತೂ ಇರ್ಲಿಲ್ಲ.”

ಆಗ ಚಲಪತಿ ಗೋಡೆ ಬಿಟ್ಟು ಮುಂದೆ ಬಂದ. “ಇವ್ರೇ ಅಮ್ಮ, ನನ್ನ ಬಿಡ್ದೇ ಇದ್ದೋರು. ನಾನು ಇಳೀತಿದ್ದೆ. ಅಣ್ಣನ್ನ ಎತ್ಕೊಂಡ್ ಬರ್ತಿದ್ದೆ. ಇವ್ರು ಅಡ್ಡ ಕೂತ್ರು.” ಅವನ ದನಿ ಬೀದಿಗೆಲ್ಲ ಕೇಳಿಸುತ್ತಿತ್ತು. ಅಕ್ಕಪಕ್ಕದ ಬಾಗಿಲುಗಳಲ್ಲಿ ಜನ ನಿಂತರು. ದೀಪ ಆರಿದ್ದನ್ನು, ಅಗ್ನಿಶಾಮಕದವರ ಮಾತನ್ನು ಹೇಳಲು ನಾನು ಬಾಯಿ ತೆರೆದೆ. ಮೇಷ್ಟ್ರು ನನ್ನ ಕೈ ಅದುಮಿದರು. “ಹೌದಮ್ಮ,” ಎಂದರು. “ನಾನೇ ಬಿಡ್ಲಿಲ್ಲ.”

ಬಸ್ಸಿನಲ್ಲಿ ನನಗೆ ಸಿಟ್ಟು ಬಂದಿತ್ತು. “ಯಾಕೆ ಸಾರ್ ಹಂಗಂದ್ರಿ? ಅವನು ಇಳಿದಿದ್ರೆ ಅವನೂ ಹೋಗ್ತಿದ್ದ ಅಂತ ಹೇಳ್ಬೇಕಿತ್ತು.”

“ಹೇಳಿದ್ರೆ?” ಎಂದರು ಕಿಟಕಿಯ ಹೊರಗೆ ನೋಡುತ್ತ. “ಅಣ್ಣ ಹೋದ, ತಮ್ಮ ಉಳ್ದ. ದಿನಾ ಆ ತಾಯಿ ಮುಂದೆ ಕೂತು ಉಣ್ಬೇಕು ಅವನು. ಬೇರೆ ಯಾರೋ ತಡೆದ್ರು ಅಂತ ಇದ್ರೆ ಒಂದು ತುತ್ತು ಇಳಿಯುತ್ತೆ. ಇರ್ಲಿ ಬಿಡು.”

ಏಳು ತಿಂಗಳಿಗೆ ಮೇಷ್ಟ್ರು ಹೋದರು. ಹೃದಯದ ತೊಂದರೆ ಮೊದಲಿನಿಂದ ಇತ್ತು, ಮಾತ್ರೆ ನಿಲ್ಲಿಸಿದ್ದರಂತೆ. ಅವರ ಹೆಂಡತಿಗೆ ಆಮೇಲೆ ಗೊತ್ತಾಯಿತು. ಮಣ್ಣಿಗೆ ಬಂದವರು ಕಡಿಮೆ. ನೂರಾರು ಮಕ್ಕಳಿಗೆ ಅಕ್ಷರ ಹೇಳಿದವರ ಅಂಗಳದಲ್ಲಿ ಮೂವತ್ತು ಜನ ಇರಲಿಲ್ಲ. ಆ ಸಂಪನ್ನು ಅವರು ಮಣ್ಣು ತುಂಬಿಸಿ ಮುಚ್ಚಿಸಿದ್ದರು.

ಮಧ್ಯಾಹ್ನದ ಹೊತ್ತಿಗೆ ಚಲಪತಿ ಬಂದ. ಗೇಟಿನ ಹೊರಗೇ ನಿಂತ. ನಾನು ಹೋದೆ. ಜಗಳಕ್ಕೆ ಬಂದನೇನೋ ಎಂದು ಹೆದರಿದ್ದೆ. ಅವನು ಸೊರಗಿದ್ದ.

“ನಾನು ಇಳಿದಿದ್ರೆ ಏನಾಗ್ತಿತ್ತು ಸಾರ್?” ಎಂದು ಕೇಳಿದ.

“ನೀನೂ ಹೋಗ್ತಿದ್ದೆ. ನಾನು ಇಳಿದಿದ್ರೆ ನಾನೂ.”

ತಲೆಯಾಡಿಸಿದ. “ಅವ್ರು ನನ್ನ ರಟ್ಟೆ ಹಿಡ್ದಿದ್ರಲ್ಲ, ಬಿಗಿಯಾಗಿ ಹಿಡ್ದಿರ್ಲಿಲ್ಲ ಸಾರ್. ನಾನು ಗುದ್ದಿದ ಮೇಲೆ ಕೈ ಸಡಿಲ ಮಾಡಿದ್ರು. ಸುಮ್ನೆ ಇಟ್ಟಿದ್ರು ಅಷ್ಟೇ. ನಾನು ಬಿಡಿಸ್ಕೊಬೋದಿತ್ತು.” ಅವನು ಗೇಟಿನ ಕಂಬಿ ಹಿಡಿದುಕೊಂಡ. “ದೀಪ ಆರಿದ್ದು ನೋಡಿ ನನ್ನ ಕಾಲೇ ಬರ್ಲಿಲ್ಲ. ಆದ್ರೂ ಎಲ್ರ ಎದುರು ಬಿಡಿ ಬಿಡಿ ಅಂತ ಕೊಸರಾಡ್ದೆ. ಹೊಡ್ದೆ. ಅವ್ರಿಗೆ ಗೊತ್ತಾಗಿತ್ತು ಸಾರ್. ನನ್ನ ಮುಖ ನೋಡ್ತಾ ಇದ್ರು. ಗೊತ್ತಾಗೇ ಆ ಕೈ ತೆಗೀಲಿಲ್ಲ.”

ಅವನು ಅಂಗಳದ ಕಡೆ ನೋಡಿ ಮತ್ತೆ ನನ್ನ ಕಡೆ ತಿರುಗಿದ.

“ಅಮ್ಮಂಗೆ ಇದನ್ನ ಹೇಳ್ಬೇಕಾ ಸಾರ್?”

“ಬೇಡ,” ಎಂದೆ. “ಮೇಷ್ಟ್ರು ಬಿಡ್ಲಿಲ್ಲ ಅಂತಲೇ ಹೇಳು.”

ಆ ತಾಯಿ ಹೋದ ವರ್ಷ ತೀರಿಕೊಂಡರು. ಚಲಪತಿಯನ್ನು ಕೇಳಿ, ಅವನು ಒಪ್ಪಿದ ಮೇಲೆ ಇದನ್ನು ಬರೆದಿದ್ದೇನೆ. ಮೇಷ್ಟ್ರು ಹೋದ ಆ ದಿನ ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಚಟ್ಟಕ್ಕೆ ಹೆಗಲು ಕೊಡಲು ಒಬ್ಬರು ಕಡಿಮೆ ಇದ್ದರು. ನನ್ನ ಎದುರು ಬದಿಗೆ ನಿಂತು ಎತ್ತಿದ. ಬೀದಿಯಲ್ಲಿ ಜನ ನೋಡಿದರು. ಇವನೇ ಅಲ್ಲವೇ ಆ ಸತ್ತವನ ತಮ್ಮ ಎಂದು ಯಾರೋ ಕೇಳಿದರು. ಅವನು ಹೆಗಲು ಬದಲಿಸದೆ ಸ್ಮಶಾನದವರೆಗೂ ನಡೆದ.